ಬಾಯಿ ಮುಚ್ಚಿ ಹಾಡಿದ್ದು ಯಾರ ಲೆಕ್ಕಕ್ಕೆ?

 

ಇಲ್ಲಿ ಕೌಲಾಲಂಪುರದಲ್ಲಿ ನಾನು ಮನೆಯಲ್ಲೇ ನಡೆಸುವ ದೇವರನಾಮದ ಪಾಠದಲ್ಲಿ ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ತುಟಿ ಮುಚ್ಚಿ "ಮ್" ಅಂತ ಷಡ್ಜ ಹಿಡಿಯುತ್ತೇವೆ. ಆಮೇಲೆ ತುಟಿ ಸಡಿಲ ಬಿಟ್ಟು, ಚಿಕ್ಕ ಮಕ್ಕಳು ಕಾರು ಓಡಿಸುವ ಹಾಗೆ "ಬುರ್ರ್" ಅನ್ನುತ್ತಾ ಮೇಲಿನ ಷಡ್ಜದವರೆಗೆ ಹತ್ತಿ ಇಳಿಯುತ್ತೇವೆ. ಕೊನೆಗೆ ಒಂದೊಂದು ಸ್ಟ್ರಾ ತುಟಿಯಲ್ಲಿ ಹಿಡಿದು ಅದರೊಳಗೆ "ಊ". ಹೊಸಬರಿಗೆ ನಗು ಬರುತ್ತೆ, ಬರಲಿ. (ಮಗು ಬುರ್ರ್ ಅಂದರೆ ಮಳೆ ಬರುತ್ತೆ ಅಂತ ನಮ್ಮ ಕಡೆ ಹೇಳ್ತಾರಲ್ಲ, ಈ ಊರಲ್ಲಿ ಆ ಮಾತು ಸುಳ್ಳಾಗುವ ದಿನಗಳು ಕಡಿಮೆ!)

ಊರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಎರಡು ಪಾಠ ಸುಮ್ಮನೆ ನೋಡಿದರು, ಮೂರನೆಯದಕ್ಕೆ ಕೇಳಿದರು: "ಅಲ್ಲಮ್ಮಾ, ಭಗವಂತ ಬಾಯಿ ಕೊಟ್ಟಿರೋದೇ ನಾಮ ಹೇಳಲಿ ಅಂತ. ನೀವು ಮೊದಲು ಅದನ್ನೇ ಮುಚ್ಚಿಸ್ತೀರಲ್ಲ. ಈ ಹತ್ತು ನಿಮಿಷ ಯಾರ ಲೆಕ್ಕಕ್ಕೆ ಬರೀಬೇಕು?"

ಗಂಟಲಿಗೆ ಒಳ್ಳೇದು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅವರು ಕೇಳಿದ್ದು ಗಂಟಲಿನ ವಿಷಯ ಅಲ್ಲ. ನಾಮವಿಲ್ಲದ ನಾದಕ್ಕೆ ದಾಸರ ಮನೆಯಲ್ಲಿ ಜಾಗ ಇದೆಯೇ ಅಂತ. ಇದನ್ನು ಬರೆದೇ ಯೋಚಿಸಬೇಕು ಅನ್ನಿಸಿತು.

ಮೊದಲು ಈ ಅಭ್ಯಾಸ ಏನು ಮಾಡುತ್ತೆ ಅನ್ನೋದನ್ನು ಹೇಳಿಬಿಡುತ್ತೇನೆ. ಧ್ವನಿತಂತುಗಳು ಅಂತ ನಾವು ಕರೆಯೋದು ಗಂಟಲಿನಲ್ಲಿರುವ ಎರಡು ಪುಟ್ಟ ಮಡಿಕೆಗಳನ್ನು. ಹೆಂಗಸರಲ್ಲಿ ಅವುಗಳ ಉದ್ದ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್. ಹಾಡುವಾಗ ಇವು ಒಂದಕ್ಕೊಂದು ತಾಗಿ ಬಿಡುತ್ತಾ ಇರುತ್ತವೆ. ಐದರ ಶ್ರುತಿಯಲ್ಲಿ ಮಧ್ಯ ಷಡ್ಜ ಹಿಡಿದರೆ ಸೆಕೆಂಡಿಗೆ ಸುಮಾರು 196 ಸಲ, ತಾರ ಷಡ್ಜಕ್ಕೆ ಅದರ ಎರಡರಷ್ಟು. ಒಂದೇ ಒಂದು ನಿಮಿಷ ಷಡ್ಜದಲ್ಲಿ ನಿಂತರೂ 11,000ಕ್ಕೂ ಹೆಚ್ಚು ಸಲ ತಾಗಿದ ಹಾಗಾಯಿತು. ಬಾಯಿ ಅಗಲಿಸಿ ಜೋರಾಗಿ ಹಾಡಿದಾಗ ಅದು ತಾಗುವುದಲ್ಲ, ಬಡಿಯುವುದು. ತುಟಿಯನ್ನು ಅರ್ಧ ಮುಚ್ಚಿದರೆ, ಅಥವಾ ಸಣ್ಣ ಕೊಳವೆಯ ಮೂಲಕ ಮಾತ್ರ ಗಾಳಿ ಬಿಟ್ಟರೆ, ಬಾಯೊಳಗೆ ಸ್ವಲ್ಪ ಒತ್ತಡ ನಿಲ್ಲುತ್ತದೆ. ಆ ಒತ್ತಡ ಮೇಲಿನಿಂದ ಧ್ವನಿತಂತುಗಳಿಗೆ ಮೆತ್ತೆಯ ಹಾಗೆ ಕೆಲಸ ಮಾಡುತ್ತದೆ. ಆಫೀಸಿನ ಬಾಗಿಲುಗಳ ಮೇಲ್ಗಡೆ ಒಂದು ಕೈ ಇಟ್ಟಿರುತ್ತಾರೆ ನೋಡಿ, ಬಾಗಿಲು ಧಡಾರ್ ಅನ್ನದೆ ಮೆಲ್ಲಗೆ ಮುಚ್ಚಿಕೊಳ್ಳಲಿ ಅಂತ, ಹಾಗೆ. ಕಡಿಮೆ ಉಸಿರಿನಲ್ಲಿ ನಾದ ಹುಟ್ಟುತ್ತದೆ, ಪೆಟ್ಟು ಕಡಿಮೆ ಬೀಳುತ್ತದೆ.

ಫಿನ್ಲೆಂಡಿನಲ್ಲಿ ಆಂಟಿ ಸೊವಿಯಾರ್ವಿ ಎಂಬುವರು 1960ರ ದಶಕದಲ್ಲೇ ಗಾಜಿನ ಕೊಳವೆ ಕೊಟ್ಟು, ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿ, ಗುಳುಗುಳು ಅನ್ನಿಸುತ್ತಾ ದನಿ ತಿದ್ದುತ್ತಿದ್ದರು. ಅಮೆರಿಕದ ಇಂಗೋ ಟಿಟ್ಜೆ 2006ರಲ್ಲಿ ಇದರ ಹಿಂದಿನ ಭೌತಶಾಸ್ತ್ರವನ್ನು ಬಿಡಿಸಿ ಬರೆದ ಮೇಲೆ ಸ್ಟ್ರಾ ಜಗತ್ತಿನ ಹಾಡುಗಾರರ ಚೀಲ ಸೇರಿತು. ಆದರೆ ನಮ್ಮ ಅಜ್ಜಿಯರ ಒಲೆಯ ಪಕ್ಕ ಊದುಗೊಳವೆ ಇರುತ್ತಿತ್ತಲ್ಲ, ಅದಕ್ಕೆ ಬಾಯಿಟ್ಟು "ಊ" ಅಂತ ಕೂಗಿ ಬೈಸಿಕೊಳ್ಳದ ಮಕ್ಕಳು ಯಾರಿದ್ದಾರೆ? ತುಟಿ, ಕೆನ್ನೆ, ಮೂಗಿನ ಬುಡ ಎಲ್ಲ ಜುಮ್ ಅನ್ನುತ್ತಿತ್ತು. ನನ್ನ ವಿದ್ಯಾರ್ಥಿಗಳಿಗೆ ನಾನು ಹುಡುಕಿ ಅಂತ ಹೇಳೋದು ಆ ಜುಮ್ಮನ್ನೇ.

ಸ್ಟ್ರಾ ಯಾವುದು ಅಂತ ತುಂಬಾ ಜನ ಕೇಳ್ತಾರೆ. ಇಲ್ಲಿಯ ಬಬಲ್ ಟೀ ಸ್ಟ್ರಾ ಬೇಡ, ಅದರಲ್ಲಿ ಸಾಬಕ್ಕಿಯೇ ಹಾದುಹೋಗುತ್ತೆ, ಒತ್ತಡ ಎಲ್ಲಿ ನಿಲ್ಲಬೇಕು! ಕೋಪಿ ಬುಂಗ್ಕುಸ್‌ಗೆ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಕಾಫಿಗೆ, ಸಿಕ್ಕಿಸಿ ಕೊಡುವ ಸಾಧಾರಣ ಸ್ಟ್ರಾ ಸಾಕು. ಅಭ್ಯಾಸವಾದವರು ಇನ್ನೂ ತೆಳ್ಳಗಿನದು ಬಳಸಬಹುದು. ಕಾಗದದ ಸ್ಟ್ರಾ ಐದು ನಿಮಿಷಕ್ಕೆ ಮೆತ್ತಗಾಗುತ್ತೆ, ಸ್ಟೀಲಿನದು ತೊಳೆದಿಟ್ಟುಕೊಳ್ಳಬಹುದು. ನೀರಿನ ಲೋಟದಲ್ಲಿ ಒಂದೆರಡು ಸೆಂಟಿಮೀಟರ್ ಮುಳುಗಿಸಿದರೆ ಗುಳ್ಳೆ ಒಂದೇ ಸಮ ಬರುತ್ತಿದೆಯೇ ಅಂತ ಕಣ್ಣಿಗೂ ಕಾಣುತ್ತೆ. ಕಾಂಡೋಮಿನಿಯಂನ ತೆಳು ಗೋಡೆಗಳ ನಡುವೆ ಬೆಳಿಗ್ಗೆ ಆರಕ್ಕೆ ಸಾಧನೆ ಮಾಡುವವರಿಗೆ ಇದೊಂದು ವರ. ಪಕ್ಕದ ಮನೆಯವರು ಮ್ಯಾನೇಜ್‌ಮೆಂಟ್ ಆಫೀಸಿಗೆ ದೂರು ಕೊಡುವ ಪ್ರಮೇಯ ಇಲ್ಲ.

ಈಗ ಪ್ರಶ್ನೆಗೆ.

ಸಂಗೀತಶಾಸ್ತ್ರ ಬಾಯಿಯ ಬಗ್ಗೆ ಏನು ಹೇಳುತ್ತೆ? 13ನೇ ಶತಮಾನದ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ಗಾಯಕರ 25 ದೋಷಗಳನ್ನು ಪಟ್ಟಿ ಮಾಡುತ್ತಾನೆ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ, ಅದು ದೋಷ. ಬಾಯಿ ವಿಕಾರವಾಗಿ ತೆರೆದು ಹಾಡುವವನು ಕರಾಲಿ, ಅದೂ ದೋಷ. ಅಕ್ಷರ ತಿಳಿಯದ ಹಾಗೆ ಹಾಡುವುದು ಅವ್ಯಕ್ತ, ಮೂಗಿನಲ್ಲಿ ಹಾಡುವುದು ಸಾನುನಾಸಿಕ. (ಕಣ್ಣು ಮುಚ್ಚಿ ಹಾಡುವವನೂ ಆ ಪಟ್ಟಿಯಲ್ಲಿದ್ದಾನೆ, ನಿಮೀಲಕ ಅಂತ. ನಮ್ಮ ಭಜನಾ ಮಂಡಳಿಗಳಲ್ಲಿ ಮುಕ್ಕಾಲು ಪಾಲು ಜನ ಅಲ್ಲೇ ಸಿಕ್ಕಿಬೀಳುತ್ತೇವೆ.) ಅಂದರೆ ತುಟಿ ಮುಚ್ಚಿದ ನಾದವನ್ನು ಹಾಡು ಅಂತ ಸಭೆಯ ಮುಂದೆ ಇಟ್ಟರೆ ಶಾರ್ಙ್ಗದೇವ ಎರಡು ಕಡೆ ಅಂಕ ಕಳೆಯುತ್ತಾನೆ. ಹಿರಿಯರ ಆಕ್ಷೇಪಕ್ಕೆ ಶಾಸ್ತ್ರದ ಬಲ ಇದೆ ಅನ್ನೋದನ್ನು ಒಪ್ಪಲೇಬೇಕು.

ನನ್ನ ಪರವಾಗಿ ಒಬ್ಬ ಗೆಳತಿ ವಾದ ಹೂಡಿದರು. "ಜಪದಲ್ಲಿ ಉಪಾಂಶು ಅಂತ ಇದೆಯಲ್ಲ, ತುಟಿ ಮಾತ್ರ ಅಲ್ಲಾಡಿ ದನಿ ಹೊರಗೆ ಕೇಳದ ಜಪ. ಗಟ್ಟಿಯಾಗಿ ಹೇಳೋದಕ್ಕಿಂತ ಅದು ಶ್ರೇಷ್ಠ, ಮಾನಸ ಜಪ ಇನ್ನೂ ಶ್ರೇಷ್ಠ ಅಂತ ಮನುಸ್ಮೃತಿಯೇ ಹೇಳುತ್ತೆ. ಬಾಯಿ ಮುಚ್ಚಿದರೆ ತಪ್ಪೇನು?" ಕೇಳಲು ಚೆನ್ನಾಗಿದೆ, ಆದರೆ ಈ ವಾದ ನಿಲ್ಲುವುದಿಲ್ಲ. ಉಪಾಂಶುವಿನಲ್ಲಿ ನಾಮ ಪೂರ್ತಿಯಾಗಿದೆ, ದನಿ ಇಲ್ಲ. ನಮ್ಮ ಹಮ್ಮಿಂಗ್‌ನಲ್ಲಿ ದನಿ ಪೂರ್ತಿಯಾಗಿದೆ, ನಾಮ ಇಲ್ಲ. ಒಂದು ಇನ್ನೊಂದರ ತಲೆಕೆಳಗು. ತುಟಿ ಹತ್ತಿರ ಬಂದಿತು ಅನ್ನೋ ಒಂದೇ ಹೋಲಿಕೆಯಿಂದ ಅದರ ಪುಣ್ಯವನ್ನು ಇದಕ್ಕೆ ಜಮಾ ಮಾಡಿಕೊಳ್ಳೋಕೆ ಆಗಲ್ಲ.

ಇನ್ನೊಂದು ದೊಡ್ಡ ಆಸರೆ ಇದೆ, ಆಚಾರ್ಯ ಮಧ್ವರದು. ಎಲ್ಲ ಶಬ್ದಗಳೂ ಮುಖ್ಯವಾಗಿ ವಿಷ್ಣುವನ್ನೇ ಹೇಳುತ್ತವೆ ಅನ್ನೋದು ಅವರ ಸಿದ್ಧಾಂತ. ವೇದದ ಶಬ್ದ, ಲೋಕದ ಶಬ್ದ ಮಾತ್ರ ಅಲ್ಲ, ಕಡಲಿನ ಮೊರೆತ, ಭೇರಿಯ ಸದ್ದು ಕೂಡ. ಹಾಗಿದ್ದ ಮೇಲೆ ಸ್ಟ್ರಾದಲ್ಲಿ ಬರುವ "ಊ" ಮಾತ್ರ ಹೊರಗೆ ಹೇಗೆ ಉಳಿದೀತು? 2020ರ ಮಾರ್ಚ್ 18ಕ್ಕೆ ಇಲ್ಲಿ ಓಡಾಟ ನಿರ್ಬಂಧ ಶುರುವಾಗಿ ಪಾಠವೆಲ್ಲ ಜೂಮ್‌ಗೆ ಹೋಯಿತು. ಆಗ ಒಂದು ತಮಾಷೆ ಆಗುತ್ತಿತ್ತು. ಮಕ್ಕಳು ಸಾಹಿತ್ಯ ಹಾಡಿದರೆ ಕೇಳುತ್ತಿತ್ತು, ತುಟಿ ಮುಚ್ಚಿ "ಮ್" ಹಿಡಿದರೆ ಎರಡು ಸೆಕೆಂಡಿಗೆ ಮಾಯ. ಹಿನ್ನೆಲೆಯ ಗದ್ದಲ ಅಡಗಿಸುವ ವ್ಯವಸ್ಥೆ ಅದನ್ನು ಫ್ಯಾನಿನ ಸದ್ದು ಅಂತ ತಿಳಿದು ತೆಗೆದುಹಾಕುತ್ತಿತ್ತು. 'ಒರಿಜಿನಲ್ ಸೌಂಡ್' ಆನ್ ಮಾಡಿ ಅಂತ ಪ್ರತಿ ಮನೆಗೂ ಹೇಳಬೇಕಾಯಿತು. ಜೂಮ್‌ಗೆ ಹಮ್ಮಿಂಗ್ ಕೂಡ ಫ್ಯಾನು. ಆಚಾರ್ಯರ ಕಿವಿಯಿಂದ ಕೇಳಿದರೆ ಫ್ಯಾನು ಕೂಡ ನಾಮ!

ಆದರೂ ಈ ಮಾತನ್ನು ನನ್ನ ಹತ್ತು ನಿಮಿಷಕ್ಕೆ ರಕ್ಷಣೆಯಾಗಿ ಬಳಸಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲ ಶಬ್ದವೂ ಅವನ ನಾಮವೇ ಆಗಿದ್ದರೂ ದಾಸರು ಊರೂರು ಅಲೆದು, ತಂಬೂರಿ ಹಿಡಿದು, ಕನ್ನಡದಲ್ಲೇ ಪದ ಕಟ್ಟಿದ್ದು ಯಾಕೆ? ಸಂಸ್ಕೃತ ಬಾರದವರಿಗೂ ಅರ್ಥ ತಿಳಿಯಲಿ ಅಂತ. ದಾಸಸಾಹಿತ್ಯದ ಜೀವ ಇರೋದೇ ತಿಳಿಯುವ ಮಾತಿನಲ್ಲಿ. ಕಡಲಿಗೆ ತಾನು ಯಾರ ಹೆಸರು ಹೇಳುತ್ತಿದ್ದೇನೆ ಅಂತ ಗೊತ್ತಿಲ್ಲ. ನಮಗೆ ಗೊತ್ತಾಗಬೇಕು. ಮಾತನ್ನೇ ಬಿಟ್ಟು ನಾದದಲ್ಲಿ ತೇಲುವುದು ಧ್ಯಾನ ಇರಬಹುದು, ಭ್ರಾಮರಿ ಇರಬಹುದು, ಅದು ದಾಸರು ಹಾಕಿಕೊಟ್ಟ ದಾರಿ ಅಲ್ಲ.

ಇದು ನಮಗೆ, ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ, ಬರೀ ತತ್ವದ ಪ್ರಶ್ನೆ ಅಲ್ಲ. ಇಲ್ಲಿಯ ಮಕ್ಕಳು ಶಾಲೆಯಲ್ಲಿ ಮಲಯ್, ಇಂಗ್ಲಿಷ್ ಮಾತಾಡಿ, ಸಂಜೆ ಸ್ವಲ್ಪ ಮ್ಯಾಂಡರಿನ್ ಟ್ಯೂಷನ್ ಮುಗಿಸಿ, ಶನಿವಾರ ನನ್ನ ಹತ್ತಿರ ಬರುತ್ತಾರೆ. ರಾಗ ಬೇಗ ಹಿಡಿಯುತ್ತಾರೆ. 'ಳ' ಬರಲ್ಲ, 'ಣ' ಬರಲ್ಲ, ಚರಣದ ಎರಡನೇ ಸಾಲಿನ ಹೊತ್ತಿಗೆ ಪದ ಮರೆತಿರುತ್ತೆ. ಆಗ ಏನು ಮಾಡುತ್ತಾರೆ? ಜಾಣರು, ಹಮ್ ಮಾಡುತ್ತಾರೆ! ಗುಂಪಿನಲ್ಲಿ ಯಾರಿಗೂ ಗೊತ್ತಾಗಲ್ಲ, ರಾಗ ಸರಿಯಾಗಿರುತ್ತೆ, ಅಪ್ಪ ಅಮ್ಮ ವಿಡಿಯೋ ಮಾಡಿ ಊರಿಗೆ ಕಳಿಸುತ್ತಾರೆ. ಹೀಗೇ ಬಿಟ್ಟರೆ ಮುಂದಿನ ತಲೆಮಾರಿನ ಭಜನೆಯಲ್ಲಿ ರಾಗ ಉಳಿದು ದಾಸರು ಹೋಗಿರುತ್ತಾರೆ. ಹಿರಿಯರ ಪ್ರಶ್ನೆಯ ಹಿಂದೆ ಈ ಭಯವೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಹತ್ತು ನಿಮಿಷ ಯಾರದು? ನನ್ನ ಉತ್ತರ ಪುರಂದರದಾಸರ ಹತ್ತಿರವೇ ಸಿಕ್ಕಿತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ ಅಂತ ಪಾಠದ ಕ್ರಮ ಹಾಕಿಕೊಟ್ಟವರು ಅವರು (1484–1564) ಅನ್ನೋದು ನಮ್ಮ ಸಂಪ್ರದಾಯ, ಅದಕ್ಕೇ ಸಂಗೀತ ಪಿತಾಮಹ ಅಂತೀವಿ. ನಾಮಕ್ಕೋಸ್ಕರ ಮನೆಮಠ, ಸಂಪತ್ತು ಎಲ್ಲ ಬಿಟ್ಟವರು. ಅಂಥವರು ಮೊದಲ ದಿನ ಶಿಷ್ಯನ ಕೈಗೆ ಕೊಡುವ ಪಾಠದಲ್ಲಿ ನಾಮ ಎಲ್ಲಿದೆ? ಸ ರಿ ಗ ಮ, ಅಷ್ಟೇ. ಹರಿಯ ಹೆಸರೂ ಇಲ್ಲ, ಅರ್ಥವೂ ಇಲ್ಲ. ಗೀತೆಗೆ ಬರುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತೆ. ಬೇಕಿದ್ದರೆ ಸರಳೆಗೂ ನಾಮದ ಸಾಹಿತ್ಯ ಕೂರಿಸಬಹುದಿತ್ತು, ಅವರಿಗೆ ಅದೇನು ಕಷ್ಟ? ಕೂರಿಸಿಲ್ಲ. ಬರಿಗೈಯಲ್ಲಿ ಮಾಡುವ ಕೆಲಸ ಒಂದಿಷ್ಟು ಇರುತ್ತದೆ, ಅದನ್ನು ಬರಿಗೈಯಲ್ಲೇ ಮಾಡಬೇಕು ಅಂತ ಬಿಟ್ಟಿದ್ದಾರೆ ಅಂತ ನಾನು ಓದಿಕೊಳ್ಳುತ್ತೇನೆ.

ಮನೆಯಲ್ಲಿ ಪೂಜೆಗೆ ಮುಂಚೆ ಏನೇನು ನಡೆಯುತ್ತೆ ಅಂತ ಗೃಹಿಣಿಯರನ್ನು ಕೇಳಿ. ಪಾತ್ರೆ ಬೆಳಗುವುದು, ಬತ್ತಿ ಹೊಸೆಯುವುದು, ತುಳಸಿ ಬಿಡಿಸುವುದು, ಗಂಧ ತೇಯುವುದು. ಮಂತ್ರ ಹೇಳುವವರು ಬಂದು ಕೂರುವ ಹೊತ್ತಿಗೆ ಇವೆಲ್ಲ ಮುಗಿದಿರುತ್ತೆ, ಯಾರ ಲೆಕ್ಕಕ್ಕೂ ಬರೆದಿರುವುದಿಲ್ಲ. ಪಾತ್ರೆ ಬೆಳಗುವುದೇ ಪೂಜೆ ಅಂತ ನಾನು ಹೇಳ್ತಾ ಇಲ್ಲ. ಹಾಗೆ ಹೇಳಿ ಹೆಂಗಸರನ್ನು ಸಮಾಧಾನ ಮಾಡುವ ಉಪನ್ಯಾಸಗಳನ್ನು ಸಾಕಷ್ಟು ಕೇಳಿದ್ದೇನೆ. ಪಾತ್ರೆ ಬೆಳಗುವುದು ಪಾತ್ರೆ ಬೆಳಗುವುದೇ. ಆದರೆ ಕಿಲುಬು ಹಿಡಿದ ಪಾತ್ರೆಯಲ್ಲಿ ತೀರ್ಥ ಕೊಡುವುದಿಲ್ಲ ಅಲ್ವಾ? ಬಾಯಿ ಮುಚ್ಚಿದ ಹತ್ತು ನಿಮಿಷವೂ ಅಷ್ಟೇ. ಅದಕ್ಕೆ ನಾಮ ಅಂತ ಹೆಸರು ಹಚ್ಚುವುದೂ ಬೇಡ, ವ್ಯರ್ಥ ಅಂತ ತಳ್ಳುವುದೂ ಬೇಡ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ರಾತ್ರಿಯಿಡೀ ಭಜನೆ ಮಾಡಿ ಬೆಳಿಗ್ಗೆ ಗಂಟಲು ಕಟ್ಟಿದರೆ ಅದನ್ನು ಪ್ರಸಾದ ಅಂತ ಸಂತೋಷಪಡುವವರು ನಮ್ಮಲ್ಲಿ ತುಂಬಾ ಜನ. "ಏಕಾದಶಿ ದಿನ ಹೊಟ್ಟೆಗೆ ಕಷ್ಟ ಕೊಡ್ತೀವಿ, ಗಂಟಲಿಗೆ ಕೊಟ್ಟರೆ ಏನು? ದೇಹ ಇರೋದೇ ಅವನಿಗಾಗಿ ಸವೆಯೋಕೆ" ಅನ್ನುತ್ತಾರೆ. ಈ ಮಾತಿನಲ್ಲಿ ಭಕ್ತಿ ಇದೆ, ನಾನು ಹಗುರ ಮಾಡಲ್ಲ. ಆದರೆ ಉಪವಾಸಕ್ಕೆ ಶಾಸ್ತ್ರವೇ ಎಲ್ಲೆ ಹಾಕಿದೆ. ರೋಗಿಗೆ, ಮಕ್ಕಳಿಗೆ ವಿನಾಯಿತಿ ಇದೆ. ಮರುದಿನ ದ್ವಾದಶಿ ಪಾರಣೆ ಇದೆ, ಅದನ್ನು ತಪ್ಪಿಸುವ ಹಾಗೂ ಇಲ್ಲ. ದೇಹವನ್ನು ದಂಡಿಸಿ ಹಾಗೇ ಬಿಡುವುದಲ್ಲ, ಮತ್ತೆ ಕ್ರಮಕ್ಕೆ ತರುವುದೂ ವ್ರತದ ಭಾಗ. ಗಂಟಲು ಹರಿಯುವಂತೆ ಕೂಗುವುದಕ್ಕೆ ಪಾರಣೆ ಯಾವುದು?

ಇನ್ನೊಂದು ವಿಷಯ, ಹಾಗೆ ಕೂಗುವುದು ಎಷ್ಟೋ ಸಲ ಭಕ್ತಿಯಿಂದಲ್ಲ. ಸುತ್ತ ಸದ್ದು ಹೆಚ್ಚಿದರೆ ನಮಗೇ ತಿಳಿಯದಂತೆ ನಮ್ಮ ದನಿ ಏರುತ್ತದೆ ಅಂತ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದಾರೆ. ನಮ್ಮ ಹಾಲ್‌ಗಳಲ್ಲಿ ಹಾರ್ಮೋನಿಯಂ, ಮೃದಂಗ, ಹತ್ತು ಜೋಡಿ ತಾಳ, ಹಿಂದುಗಡೆ ಓಡುವ ಮಕ್ಕಳು, ಅದರ ಮೇಲೆ ಎಸಿ. ಪಕ್ಕದವರ ದನಿಗೆ ಮೇಲಾಗಿ ನಮ್ಮದು ಕೇಳಬೇಕು ಅನ್ನೋ ಆಸೆಯೂ ಸ್ವಲ್ಪ ಸೇರಿರುತ್ತೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. 2015ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಲ್ಲಿ ಹೊಗೆ ಮುಸುಕಿ, ಜೆರೆಬು ಅಂತೀವಲ್ಲ ಅದು, ಶಾಲೆಗಳಿಗೇ ರಜೆ ಕೊಟ್ಟಿದ್ದರು. ಅಂಥ ಗಾಳಿಯಲ್ಲೂ ತಾರಸ್ಥಾಯಿಯಲ್ಲಿ ಮೂರು ಗಂಟೆ ಹಾಡಿ ವಾರಗಟ್ಟಲೆ ಪಿಸುಗುಟ್ಟಿದವರನ್ನು ನೋಡಿದ್ದೇನೆ. ಧ್ವನಿ ನಾವು ಸಂಪಾದಿಸಿದ್ದಲ್ಲ, ನಮ್ಮ ಹತ್ತಿರ ಇಟ್ಟುಕೊಳ್ಳಲು ಕೊಟ್ಟದ್ದು. ಕೊಟ್ಟವನ ಮುಂದೆಯೇ ಅದನ್ನು ಒಡೆದು ಹಾಕಿ "ನಿನಗಾಗಿ" ಅನ್ನೋದು ನನಗೆ ಸರಿಕಾಣುವುದಿಲ್ಲ. ಮಂಗಳ ಹಾಡಿದ ಮೇಲೆ, ಪ್ರಸಾದ ಹಂಚುವ ಮುಂಚೆ, ಮಂದ್ರದಲ್ಲಿ ಐದು ನಿಮಿಷ ತುಟಿ ಮುಚ್ಚಿ ಇಳಿದು ಬನ್ನಿ. ಅದೇ ಗಂಟಲಿನ ಪಾರಣೆ ಅಂತ ನಮ್ಮ ಗುಂಪಿನಲ್ಲಿ ಈಗ ತಮಾಷೆಗೆ ಕರೆಯುತ್ತಾರೆ. (ದನಿ ಒಡೆದು ಎರಡು-ಮೂರು ವಾರವಾದರೂ ಸರಿಹೋಗದಿದ್ದರೆ ಸ್ಟ್ರಾ, ಶುಂಠಿ, ಜೇನುತುಪ್ಪ ಅಂತ ಕೂರಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ನೋಡಿಸಿ.)

ಇಷ್ಟರವರೆಗೆ ಅಭ್ಯಾಸದ ಮಾತು. ಆದರೆ ಅಭ್ಯಾಸಕ್ಕಲ್ಲದೆ, ಬೇರೆ ದಾರಿಯೇ ಇಲ್ಲದೆ ತುಟಿ ಮುಚ್ಚಿ ಹಾಡುವವರು ಇದ್ದಾರೆ. ಈ ಬರಹ ನಿಜವಾಗಿ ಅವರಿಗಾಗಿ.

ಐವತ್ತು ದಾಟಿದ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ, ಮುಟ್ಟು ನಿಲ್ಲುವ ಕಾಲಕ್ಕೆ ದನಿಯೂ ಬದಲಾಗುತ್ತದೆ. ಮೇಲಿನ ಸ್ವರ ಜಾರುತ್ತೆ, ಐದೂವರೆಯಲ್ಲಿ ಹಾಡುತ್ತಿದ್ದವರು ನಾಲ್ಕಕ್ಕೆ ಇಳಿಯುತ್ತಾರೆ, ಕೆಲವರಿಗೆ ನಡುವೆ ಗಾಳಿ ಸೇರಿ ದನಿ ಒಡೆಯುತ್ತೆ. ಗಂಗೂಬಾಯಿ ಹಾನಗಲ್ (1913–2009) ಅವರಿಗೆ ಗಂಟಲಿನ ಚಿಕಿತ್ಸೆಯ ನಂತರ ದನಿ ಗಂಡಸರ ಹಾಗೆ ದಪ್ಪವಾಯಿತು, ಆ ದನಿಯಲ್ಲೇ ಕಿರಾಣಾ ಘರಾಣೆಯನ್ನು ಜಗತ್ತಿಗೆ ಕೇಳಿಸಿದರು. ಆದರೆ ಎಲ್ಲರೂ ಗಂಗೂಬಾಯಿ ಆಗೋಕಾಗುತ್ತಾ? ನಮ್ಮಲ್ಲಿ ಒಬ್ಬರಿದ್ದಾರೆ, ನೂರಕ್ಕೂ ಹೆಚ್ಚು ದೇವರನಾಮ ಬಾಯಿಪಾಠ ಬರುವವರು. ಧ್ವನಿತಂತುಗಳಲ್ಲಿ ಗಂಟು ಅಂತ ಗೊತ್ತಾಗಿ ಡಾಕ್ಟರು ಮೊದಲು ಪೂರ್ತಿ ಮೌನ, ಆಮೇಲೆ ಹಮ್ಮಿಂಗ್ ಮಾತ್ರ ಅಂದರು. ಅವರು ಒಂದು ಭಜನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ತುಟಿ ಮುಚ್ಚಿಯೇ ಜೊತೆಗೂಡಿದರು. ಅಲ್ಲೊಬ್ಬರು "ಹಾಡೋಕಾಗದಿದ್ರೆ ತಾಳ ಹಾಕಿ ಆಂಟಿ, ಗುಂಯ್ ಅನ್ನಬೇಡಿ" ಅಂದರಂತೆ. ಆಮೇಲೆ ಮೂರು ತಿಂಗಳು ಅವರು ಎಲ್ಲಿಗೂ ಹೋಗಲಿಲ್ಲ.

ಹೊರಗಿನಿಂದ ಕೇಳಿದರೆ ಪದ ಮರೆತ ಹುಡುಗನ "ಮ್", ಬೆಳಗಿನ ಅಭ್ಯಾಸದ "ಮ್", ಈ ಆಂಟಿಯ "ಮ್", ಮೂರೂ ಒಂದೇ. ಜೂಮ್‌ಗೂ ಒಂದೇ, ಶಾರ್ಙ್ಗದೇವನಿಗೂ ಒಂದೇ. ಆದರೆ ಹುಡುಗನ ತುಟಿಯ ಹಿಂದೆ ಪದ ಇಲ್ಲ. ಅಭ್ಯಾಸದಲ್ಲಿ ಪದ ಬೇಕಿಲ್ಲ. ಆಂಟಿಯ ತುಟಿಯ ಹಿಂದೆ ಪ್ರತಿ ಅಕ್ಷರವೂ ಇದೆ, ಚರಣ ಚರಣವಾಗಿ, ಅಂಕಿತದವರೆಗೆ. ಅದು ಮಾನಸ ಜಪಕ್ಕೆ ನಾದ ಕೂಡಿದ್ದು ಅಂತ ನಾನು ತಿಳಿದಿದ್ದೇನೆ. ನನ್ನ ಗೆಳತಿಯ ಉಪಾಂಶುವಿನ ವಾದ ಅಭ್ಯಾಸಕ್ಕೆ ಹೊಂದಲಿಲ್ಲ, ಇವರಿಗೆ ಹೊಂದುತ್ತದೆ. ನಾಮ ಇದೆಯೋ ಇಲ್ಲವೋ ಅನ್ನೋದನ್ನು ತುಟಿ ನೋಡಿ ತೀರ್ಮಾನಿಸಲು ಬರುವುದಿಲ್ಲ ಅನ್ನೋದೇ ಹಿರಿಯರಿಗೆ ನಾನು ಕೊಟ್ಟ ಉತ್ತರದ ಉಳಿದರ್ಧ. ಅವರು ಪೂರ್ತಿ ಒಪ್ಪಲಿಲ್ಲ. "ಒಳಗಿರೋದು ಯಾರಿಗೆ ಗೊತ್ತು" ಅಂದರು. ಅದೂ ನಿಜವೇ. ನಮಗೆ ಗೊತ್ತಾಗಲ್ಲ.

ಗೊತ್ತಾಗದ ಕಾರಣ ನಮ್ಮ ಪಾಠದಲ್ಲಿ ಎರಡು ನಿಯಮ ಮಾಡಿಕೊಂಡಿದ್ದೇವೆ. ಮಕ್ಕಳು ಸಾಹಿತ್ಯ ಹಾಡುವಾಗ ಪದ ಮರೆತರೆ ಹಮ್ ಮಾಡುವ ಹಾಗಿಲ್ಲ, ನಿಲ್ಲಿಸಿ ಕೇಳಬೇಕು, ಅರ್ಥವನ್ನೂ ಕೇಳಬೇಕು. ದೊಡ್ಡವರು ಯಾಕೆ ಹಮ್ ಮಾಡುತ್ತಿದ್ದಾರೆ ಅಂತ ಯಾರೂ ಕೇಳುವ ಹಾಗಿಲ್ಲ.

ಆ ಆಂಟಿ ಈಗ ಶನಿವಾರಗಳಂದು ಬರುತ್ತಾರೆ. ಡಾಕ್ಟರು ಇನ್ನೂ ಪೂರ್ತಿ ಅಪ್ಪಣೆ ಕೊಟ್ಟಿಲ್ಲ, ಹಾಗಾಗಿ ತುಟಿ ಮುಚ್ಚಿಯೇ ಹಾಡುತ್ತಾರೆ. ಅವರ ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗನನ್ನು ಕೂರಿಸಿದ್ದೇನೆ. ಅವನು ಪದ ತಪ್ಪಿದ ಕೂಡಲೇ ಆಂಟಿ ಹಮ್ ಮಾಡುತ್ತಲೇ ಅವನ ಮೊಣಕಾಲಿನ ಮೇಲೆ ಬೆರಳಿಂದ ತಟ್ಟುತ್ತಾರೆ. ಮೊನ್ನೆ ಒಂದು ಚರಣವನ್ನೇ ಹಾರಿಸಿದ್ದಕ್ಕೆ ಎರಡು ಸಲ ಬಿತ್ತು.

ಶ್ರೀಕೃಷ್ಣಾರ್ಪಣಮಸ್ತು.